ಬ್ರೌಸರಿನಲ್ಲಿ ತೆರೆಯುವ ಪುಟ ನನ್ನ ಪ್ರೋಗ್ರಾಮಿಗೆ ಮಾತ್ರ ಏಕೆ ಸಿಗುವುದಿಲ್ಲ?

ಪುಟತಿರುವಿ:
ಎಲ್ಲರಿಗೂ ನಮಸ್ಕಾರ. ಒಂದು ಗ್ರಂಥಾಲಯದ ಜಾಲತಾಣದಲ್ಲಿ ಹೊಸದಾಗಿ ಬಂದ ಪುಸ್ತಕಗಳ ಪಟ್ಟಿ ಇರುತ್ತದೆ. ದಿನಕ್ಕೊಮ್ಮೆ ಆ ಪುಟ ಓದಿ, ಹೊಸ ಹೆಸರು ಕಂಡರೆ ನನಗೆ ಇಮೇಲ್ ಕಳುಹಿಸುವ ಪುಟ್ಟ ಪೈಥಾನ್ ಪ್ರೋಗ್ರಾಮ್ ಬರೆದುಕೊಂಡಿದ್ದೆ. ಸಾಕೆಟ್ (ಸರ್ವರಿಗೆ ನೇರ ಸಂಪರ್ಕ) ತೆರೆದು, ‘ಗೆಟ್’ ಸಾಲನ್ನು ಕೈಯಾರೆ ಬರೆದು ಕಳುಹಿಸುವ ಹಳೆಯ ಕ್ರಮ. ಎರಡು ವರ್ಷ ತಂಟೆಯಿಲ್ಲದೆ ನಡೆಯಿತು.

ಕಳೆದ ವಾರ ಆ ತಾಣ ಎಚ್‌ಟಿಟಿಪಿಎಸ್‌ಗೆ ಬದಲಾಯಿತು. ಪೋರ್ಟ್ ಸಂಖ್ಯೆ 80 ಇದ್ದ ಕಡೆ 443 ಎಂದು ತಿದ್ದಿದರೆ ಮುಗಿಯಿತು ಎಂದುಕೊಂಡೆ. ಬಂದದ್ದು 400, ಅಂದರೆ ಕೋರಿಕೆ ತಪ್ಪು ಎಂಬ ಉತ್ತರ. ಎಚ್‌ಟಿಟಿಪಿಎಸ್ ಪೋರ್ಟಿಗೆ ಸಾದಾ ಎಚ್‌ಟಿಟಿಪಿ ಕೋರಿಕೆ ಬಂದಿದೆ ಎಂಬ ಆಕ್ಷೇಪಣೆಯೂ ಅದರ ಜೊತೆಗಿತ್ತು. ಆಗಲಿ ಎಂದು ಪುಟ ತರುವ ರಿಕ್ವೆಸ್ಟ್ಸ್ ಲೈಬ್ರರಿ ಹಾಕಿಕೊಂಡೆ. ಈಗ ಸರ್ಟಿಫಿಕೇಟ್ (ತಾಣದ ಗುರುತುಪತ್ರ) ಪರಿಶೀಲನೆ ವಿಫಲವಾಯಿತು ಎಂದು ನಿಲ್ಲುತ್ತದೆ. ಅದೇ ವಿಳಾಸ ಬ್ರೌಸರಿನಲ್ಲಿ ಬೀಗದ ಗುರುತಿನ ಸಮೇತ ತೆರೆಯುತ್ತದೆ! ‘ವೆರಿಫೈ=ಫಾಲ್ಸ್’, ಅಂದರೆ ಪರಿಶೀಲನೆ ಬೇಡ, ಎಂದು ಬರೆದರೆ ಪುಟವೇನೋ ಬರುತ್ತದೆ, ಆದರೆ ಪ್ರತಿ ಸಲವೂ ಎಚ್ಚರಿಕೆಯ ಒಂದು ಸಾಲು ಕಾಣಿಸಿಕೊಳ್ಳುತ್ತದೆ. ಅದರ ಬಾಯಿ ಮುಚ್ಚಿಸುವುದು ಹೇಗೆ?

ಬೇಗಮುಗಿಸು:
ರಿಕ್ವೆಸ್ಟ್ಸ್ ಒಳಗೆ ಬಳಸುವ ಯುಆರ್‌ಎಲ್‌ಲಿಬ್3ರಲ್ಲಿ ‘ಡಿಸೇಬಲ್ ವಾರ್ನಿಂಗ್ಸ್’ ಎಂಬ ಫಂಕ್ಷನ್ ಇದೆ. ಒಂದೇ ಸಾಲು. ಮುಗಿಯಿತು.

ಮುಚ್ಚಿದಬೀಗ:
ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆ ಮೊದಲನೆಯ ಉತ್ತರದಲ್ಲೇ ಬಂತು. ದಯವಿಟ್ಟು ಹಾಗೆ ಮಾಡಬೇಡಿ.

ಬೇಗಮುಗಿಸು:
ಅವರು ಕೇಳಿದ್ದು ಎಚ್ಚರಿಕೆಯ ಸಾಲನ್ನು ಅಡಗಿಸುವ ಬಗೆ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇನೆ.

ಹಳೇಸಾಕೆಟ್:
ಮೊದಲು ಆ 400ರ ವಿಚಾರ. ಎಲ್ಲರೂ ಅದನ್ನು ದಾಟಿ ಮುಂದೆ ಹೋಗುತ್ತಿದ್ದೀರಿ, ಆದರೆ ವಿಷಯದ ಬೇರು ಇರುವುದೇ ಅಲ್ಲಿ.

443 ಬರಿಯ ಬಾಗಿಲ ಸಂಖ್ಯೆ. ಆ ಬಾಗಿಲ ಹಿಂದೆ ಕುಳಿತಿರುವ ಸರ್ವರ್ ಮೊದಲು ನಿರೀಕ್ಷಿಸುವುದು ಎಚ್‌ಟಿಟಿಪಿಎಸ್‌ನ ಗೂಢಲಿಪಿ ಪದರವಾದ ಟಿಎಲ್‌ಎಸ್‌ನ ‘ಕ್ಲೈಂಟ್ ಹಲೋ’ ಸಂದೇಶವನ್ನು. ಆ ದಾಖಲೆಯ ಮೊದಲ ಬೈಟ್ 22. ನೀವು ಕಳುಹಿಸಿದ ಮೊದಲ ಬೈಟ್ 71, ಅಂದರೆ ‘ಗೆಟ್’ ಪದದ ಮೊದಲ ರೋಮನ್ ಅಕ್ಷರ. 22 ಬರಬೇಕಾದಲ್ಲಿ 71 ಬಂದಾಗಲೇ ಬಂದವರು ತಪ್ಪು ಭಾಷೆ ಆಡುತ್ತಿದ್ದಾರೆ ಎಂದು ಸರ್ವರಿಗೆ ತಿಳಿಯಿತು. ಕೆಲವು ಸರ್ವರ್‌ಗಳು ಮಾತಿಲ್ಲದೆ ಸಂಪರ್ಕ ಕಡಿದುಬಿಡುತ್ತವೆ. ನಿಮ್ಮದು ಸೌಜನ್ಯ ತೋರಿಸಿ 400 ಎಂದು ಹೇಳಿದೆ.

ಸಾಕೆಟನ್ನೇ ಬಳಸಬೇಕೆಂಬ ಹಟವಿದ್ದರೆ ಎಸ್‌ಎಸ್‌ಎಲ್ ಮಾಡ್ಯೂಲಿನ ‘ಕ್ರಿಯೇಟ್ ಡಿಫಾಲ್ಟ್ ಕಾಂಟೆಕ್ಸ್ಟ್’ ಕರೆದು, ಅದರಿಂದ ಸಾಕೆಟನ್ನು ಸುತ್ತಬೇಕು. ಸುತ್ತುವಾಗ ‘ಸರ್ವರ್ ಹೋಸ್ಟ್‌ನೇಮ್’ ಕೊಡುವುದನ್ನು ಮರೆಯಬಾರದು. ಒಂದೇ ಐಪಿ ವಿಳಾಸದಲ್ಲಿ ಹತ್ತಾರು ತಾಣಗಳು ಇರುತ್ತವೆ. ಯಾವ ತಾಣದ ಸರ್ಟಿಫಿಕೇಟ್ ತೋರಿಸಬೇಕೆಂದು ಸರ್ವರಿಗೆ ಗೊತ್ತಾಗುವುದು ಆ ಹೆಸರಿನಿಂದಲೇ. ಇನ್ನು ಮಾಡ್ಯೂಲಿನಲ್ಲಿ ನೇರವಾಗಿದ್ದ ಹಳೆಯ ‘ರ‍್ಯಾಪ್ ಸಾಕೆಟ್’ ಫಂಕ್ಷನ್ ತಾನಾಗಿ ಏನನ್ನೂ ಪರಿಶೀಲಿಸುತ್ತಿರಲಿಲ್ಲ. ಪೈಥಾನ್ 3.12ರಲ್ಲಿ ಅದನ್ನು ತೆಗೆದೇ ಹಾಕಿದರು. ಹಳೆಯ ಪಾಠಗಳಲ್ಲಿ ಅದು ಇನ್ನೂ ಸಿಗುತ್ತದೆ, ನಂಬಬೇಡಿ.

ಪುಟತಿರುವಿ:
ಹಟವೇನೂ ಇಲ್ಲ, ರಿಕ್ವೆಸ್ಟ್ಸ್ ಸಾಕು. ಆದರೆ ನನ್ನ ಮೂಲ ಅನುಮಾನ ಹಾಗೆಯೇ ಉಳಿದಿದೆ. ಅದು ಎಲ್ಲರೂ ನೋಡಬಹುದಾದ ಪುಟ. ಪಾಸ್‌ವರ್ಡ್ ಇಲ್ಲ, ಲಾಗಿನ್ ಇಲ್ಲ. ಪರಿಶೀಲನೆ ಬಿಟ್ಟರೆ ನಷ್ಟವೇನು?

ಬೇಗಮುಗಿಸು:
ಅದನ್ನೇ ನಾನೂ ಹೇಳುತ್ತಿರುವುದು. ಪೈಥಾನ್ 2.7.9 ಬರುವವರೆಗೆ, ಅಂದರೆ 2014ರ ಡಿಸೆಂಬರ್‌ವರೆಗೆ, ಪೈಥಾನಿನ ಸ್ವಂತ ಯುಆರ್‌ಎಲ್‌ಲಿಬ್2 ಸರ್ಟಿಫಿಕೇಟನ್ನು ಪರಿಶೀಲಿಸುತ್ತಲೇ ಇರಲಿಲ್ಲ. ಅಷ್ಟು ವರ್ಷ ಯಾರ ತಲೆಯೂ ಹೋಗಲಿಲ್ಲ.

ಮುಚ್ಚಿದಬೀಗ:
ಹಾಗಿದ್ದರೆ ಪೆಪ್ 476 ಎಂಬ ಪೈಥಾನ್ ಪ್ರಸ್ತಾವ ಬರೆದು ಆ ನಡವಳಿಕೆಯನ್ನು ಬದಲಿಸಿದ್ದು ಏಕೆ? ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಎಂದು ಬರೆದವರು ಪರಿಶೀಲನೆ ಆಗುತ್ತಿದೆ ಎಂದು ನಂಬಿಕೊಂಡಿದ್ದರು, ಆದರೆ ಅದು ಆಗುತ್ತಿರಲಿಲ್ಲ. ಆ ನಂಬಿಕೆಯೇ ಅಪಾಯ.

ಪುಟತಿರುವಿ ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಗುಟ್ಟು ಕಾಪಾಡುವುದು ಟಿಎಲ್‌ಎಸ್‌ನ ಒಂದು ಕೆಲಸ ಮಾತ್ರ. ಬಂದ ಪುಟ ದಾರಿಯಲ್ಲಿ ತಿದ್ದುಪಡಿಯಾಗಿಲ್ಲ, ನೀವು ಹೆಸರಿಸಿದ ತಾಣದಿಂದಲೇ ಬಂದಿದೆ ಎಂಬ ಖಾತರಿಯೂ ಅದರದ್ದೇ. ಪರಿಶೀಲನೆ ಕಿತ್ತುಹಾಕಿದರೆ ಗೂಢಲಿಪಿ ಉಳಿಯುತ್ತದೆ, ಯಾರ ಜೊತೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೀರಿ, ಆದರೆ ಕಿವಿ ಯಾರದ್ದೆಂದು ನೋಡಿಲ್ಲ. ನಿಮ್ಮ ಪ್ರೋಗ್ರಾಮ್ ಆ ಪುಟದ ಕೊಂಡಿಗಳನ್ನು ಇಮೇಲಿಗೆ ಹಾಕುತ್ತದೆಯೇ? ನೀವು ಅವುಗಳನ್ನು ಒತ್ತುತ್ತೀರಾ? ಹಾಗಿದ್ದರೆ ನಷ್ಟ ಇದೆ.

ಪುಟತಿರುವಿ:
ಹಾಕುತ್ತದೆ. ಒತ್ತುತ್ತೇನೆ. ಸುಮ್ಮನಾದೆ.

ಅರೆನಿದ್ರೆ:
ನಾನು ನೋಡಿದ ಒಂದು ಸಂಗತಿ ಹೇಳುತ್ತೇನೆ. ಒಂದು ಕಡೆ ಕೆಲಸಕ್ಕೆ ಸೇರಿದಾಗ ಹಳೆಯ ಕೋಡ್ ಓದುತ್ತಿದ್ದೆ. ಪುಟ ತರುವ ಫಂಕ್ಷನ್ನಿನಲ್ಲಿ ‘ವೆರಿಫೈ=ಫಾಲ್ಸ್’ ಇತ್ತು, ಪಕ್ಕದಲ್ಲಿ ‘ತಾತ್ಕಾಲಿಕ’ ಎಂಬ ಟಿಪ್ಪಣಿ. ಬದಲಾವಣೆಗಳ ಇತಿಹಾಸ ತೆಗೆದು ನೋಡಿದರೆ ಆ ತಾತ್ಕಾಲಿಕಕ್ಕೆ ನಾಲ್ಕು ವರ್ಷ ತುಂಬಿತ್ತು. ಬರೆದವರು ಹವಾಮಾನದ ಸಾರ್ವಜನಿಕ ಪುಟವೊಂದನ್ನು ಓದಲು ಬರೆದಿದ್ದರು. ಆಮೇಲೆ ಬಂದವರು ‘ಪುಟ ತರುವ ಫಂಕ್ಷನ್ ಇದೆಯಲ್ಲ’ ಎಂದು ಅದನ್ನೇ ಕರೆದು ಗ್ರಾಹಕರ ಖಾತೆಯ ಟೋಕನ್ ಕಳುಹಿಸುತ್ತಿದ್ದರು. ತಪ್ಪು ಇಬ್ಬರಲ್ಲಿ ಯಾರದ್ದೆಂದು ನನಗೆ ಇಂದಿಗೂ ಹೇಳಲು ಬರುವುದಿಲ್ಲ.

ಬೇಗಮುಗಿಸು:
ಎರಡನೆಯವರದ್ದು. ಓದದೆ ಕರೆದರು.

ಅರೆನಿದ್ರೆ:
ಮೊದಲನೆಯವರು ನೀವೇ ಇರಬಹುದೆಂಬ ಅನುಮಾನ ಈಗ ಬರುತ್ತಿದೆ.

ಹಳೇಸಾಕೆಟ್:
ಜಗಳ ಆಮೇಲೆ. ಪುಟತಿರುವಿ ಅವರೇ, ದೋಷದ ಕೊನೆಯ ಸಾಲನ್ನು ಪೂರ್ತಿಯಾಗಿ ಹಾಕಿ. ‘ಪರಿಶೀಲನೆ ವಿಫಲ’ ಎಂಬುದು ಜ್ವರ ಎಂದ ಹಾಗೆ, ಕಾರಣ ಅದರ ನಂತರದ ನಾಲ್ಕೈದು ಪದಗಳಲ್ಲಿ ಇರುತ್ತದೆ. ಅವಧಿ ಮುಗಿದಿದೆ ಎನ್ನುತ್ತದೆಯೇ, ಹೆಸರು ಹೊಂದುವುದಿಲ್ಲ ಎನ್ನುತ್ತದೆಯೇ, ಸ್ವಯಂ ಸಹಿ ಎನ್ನುತ್ತದೆಯೇ?

ಪುಟತಿರುವಿ:
‘ಅನೇಬಲ್ ಟು ಗೆಟ್ ಲೋಕಲ್ ಇಶ್ಯೂಯರ್ ಸರ್ಟಿಫಿಕೇಟ್’ ಎಂದಿದೆ, ಅಂದರೆ ಸಹಿ ಹಾಕಿದವರ ಸರ್ಟಿಫಿಕೇಟ್ ಸಿಗಲಿಲ್ಲ ಎಂದು.

ಹಳೇಸಾಕೆಟ್:
ಹಾಗಾದರೆ ಮುಖ್ಯವಾಗಿ ಎರಡು ಸಾಧ್ಯತೆ. ನಿಮ್ಮ ಜಾಲದಲ್ಲಿ ನಡುವೆ ನಿಂತು ಟಿಎಲ್‌ಎಸ್ ಬಿಚ್ಚಿ ನೋಡುವ ಪ್ರಾಕ್ಸಿ ಕುಳಿತಿರಬಹುದು. ಕಚೇರಿಗಳಲ್ಲಿ ಇದು ಸಾಮಾನ್ಯ. ಇಲ್ಲವೇ ಆ ತಾಣದವರು ನಡುವಿನ ಸರ್ಟಿಫಿಕೇಟನ್ನು ಕಳುಹಿಸುತ್ತಿಲ್ಲ. ಟರ್ಮಿನಲ್‌ನಲ್ಲಿ ಟಿಎಲ್‌ಎಸ್ ಸಲಕರಣೆಯಾದ ಓಪನ್‌ಎಸ್‌ಎಸ್‌ಎಲ್‌ನ ‘ಎಸ್ ಕ್ಲೈಂಟ್’ ಆಜ್ಞೆಯನ್ನು ತಾಣದ ಹೆಸರು ಮತ್ತು 443 ಕೊಟ್ಟು ಓಡಿಸಿ, ‘ಶೋಸರ್ಟ್ಸ್’ ಆಯ್ಕೆ ಸೇರಿಸಿ. ಎಷ್ಟು ಸರ್ಟಿಫಿಕೇಟ್ ಬರುತ್ತವೆ ಎಣಿಸಿ.

ಪುಟತಿರುವಿ:
ಮನೆಯಿಂದ ಓಡಿಸಿದ್ದು, ಪ್ರಾಕ್ಸಿ ಇಲ್ಲ. ಒಂದೇ ಒಂದು ಸರ್ಟಿಫಿಕೇಟ್ ಬಂತು, ಆಳ 0 ಎಂದಿದೆ. ದೋಷ ಸಂಖ್ಯೆ 20, ಅದರ ಕೆಳಗೆ 21. ಕೊನೆಯಲ್ಲಿ ಪರಿಶೀಲನೆಯ ಫಲಿತಾಂಶ 21, ‘ಮೊದಲ ಸರ್ಟಿಫಿಕೇಟನ್ನು ಪರಿಶೀಲಿಸಲಾಗಲಿಲ್ಲ’ ಎಂಬ ಅರ್ಥದ ಸಾಲು.

ಹಳೇಸಾಕೆಟ್:
ಸಿಕ್ಕಿಬಿದ್ದರು. ತಪ್ಪು ನಿಮ್ಮದಲ್ಲ, ತಾಣದವರದ್ದು.

ನಂಬಿಕೆ ಇಲ್ಲಿ ಸರಪಳಿಯಾಗಿ ಬರುತ್ತದೆ. ತಾಣದ ಸರ್ಟಿಫಿಕೇಟಿಗೆ ಸಹಿ ಹಾಕಿರುವುದು ನಡುವಿನ ಸರ್ಟಿಫಿಕೇಟ್, ಅದಕ್ಕೆ ಸಹಿ ಹಾಕಿರುವುದು ಮೂಲ ಸರ್ಟಿಫಿಕೇಟ್. ನಿಮ್ಮ ಯಂತ್ರದಲ್ಲಿ ಮೊದಲೇ ಇರುವುದು ಮೂಲದ್ದು ಮಾತ್ರ. ನಡುವಿನದನ್ನು ತಾಣವೇ ತನ್ನದರ ಜೊತೆ ಕಳುಹಿಸಬೇಕು. ಇವರು ಕಳುಹಿಸುತ್ತಿಲ್ಲ, ಆದ್ದರಿಂದ ನಿಮ್ಮ ಪ್ರೋಗ್ರಾಮಿಗೆ ಮೊಮ್ಮಗನೂ ಅಜ್ಜನೂ ಕಾಣುತ್ತಾರೆ, ನಡುವಿನ ಅಪ್ಪ ಯಾರೆಂದು ತಿಳಿಯದು.

ಬ್ರೌಸರ್ ಹೇಗೆ ತೆರೆಯುತ್ತದೆ ಎಂದು ಕೇಳುವಿರಿ. ತಾಣದ ಸರ್ಟಿಫಿಕೇಟಿನ ಒಳಗೇ ‘ನನಗೆ ಸಹಿ ಹಾಕಿದವರ ಸರ್ಟಿಫಿಕೇಟ್ ಈ ವಿಳಾಸದಲ್ಲಿದೆ’ ಎಂದು ಬರೆದಿರುತ್ತದೆ. ಕ್ರೋಮ್, ಸಫಾರಿಯಂಥವು ಆ ವಿಳಾಸಕ್ಕೆ ಹೋಗಿ ತಾವೇ ತಂದುಕೊಳ್ಳುತ್ತವೆ. ಫೈರ್‌ಫಾಕ್ಸ್ ನಡುವಿನವುಗಳ ಸಂಗ್ರಹವನ್ನು ಮೊದಲೇ ಇಳಿಸಿಕೊಂಡಿರುತ್ತದೆ. ಓಪನ್‌ಎಸ್‌ಎಸ್‌ಎಲ್, ಅದನ್ನು ಬಳಸುವ ಪೈಥಾನ್ ಈ ಉಪಕಾರ ಮಾಡುವುದಿಲ್ಲ. ತಾಣದ ನಿರ್ವಾಹಕರು ಬ್ರೌಸರಿನಲ್ಲಿ ಮಾತ್ರ ಪರೀಕ್ಷಿಸಿ ‘ಸರಿಯಾಗಿದೆ’ ಎಂದು ಎದ್ದು ಹೋಗಿರುತ್ತಾರೆ.

ಜಾವಾಜಂಗಮ:
ಜಾವಾದಲ್ಲಿ ಇದೇ ದೋಷ ‘ಪಿಕಿಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಎಂಬ ವೇಷದಲ್ಲಿ ಬರುತ್ತದೆ. ‘ಕೀಟೂಲ್’ ಬಳಸಿ ನಂಬಿಕೆಯ ಪಟ್ಟಿಯಾದ ‘ಸಿಎಸರ್ಟ್ಸ್’ ಕಡತಕ್ಕೆ ಸೇರಿಸಬೇಕು. ಜಾವಾ 18ಕ್ಕಿಂತ ಹಿಂದಿನವುಗಳಲ್ಲಿ ಆ ಕಡತದ ಮೂಲ ಪಾಸ್‌ವರ್ಡ್ ‘ಚೇಂಜ್‌ಇಟ್’, ಅಂದರೆ ‘ಬದಲಿಸು’. ಯಾರೂ ಬದಲಿಸುವುದಿಲ್ಲ.

ಸೊನ್ನೆಯಿಂದಎಣಿಸುವವ:
ಅದು ‘ಪಿಕಿಕ್ಸ್’ ಅಲ್ಲ, ‘ಪಿಕೆಐಎಕ್ಸ್’.

ಜಾವಾಜಂಗಮ:
ಹದಿನೈದು ವರ್ಷದಿಂದ ಪಿಕಿಕ್ಸ್ ಎಂದೇ ಬೈಯುತ್ತಿದ್ದೇನೆ, ಇನ್ನು ಬದಲಿಸಿಕೊಳ್ಳಲು ಆಗುವುದಿಲ್ಲ. ಜಾವಾದವರಿಗೆ ಇನ್ನೊಂದು ಗುಂಡಿ ಇದೆ: ‘ಎಚ್‌ಟಿಟಿಪಿ ಯುಆರ್‌ಎಲ್ ಕನೆಕ್ಷನ್’ ಒಂದು ಎಚ್‌ಟಿಟಿಪಿ ವಿಳಾಸದಿಂದ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಮರುನಿರ್ದೇಶನ ಬಂದರೆ ಹಿಂಬಾಲಿಸುವುದಿಲ್ಲ. 301 ಕೈಗಿಟ್ಟು ಸುಮ್ಮನಿರುತ್ತದೆ. ಪುಟ ಖಾಲಿ ಏಕೆಂದು ನಾನು ಒಂದು ಮಧ್ಯಾಹ್ನವಿಡೀ ಹುಡುಕಿದ್ದೆ.

ಗಡಿಯಾರನಿಂತಿದೆ:
ಸರಪಳಿ ಸರಿಯಿದ್ದೂ ಪರಿಶೀಲನೆ ಬೀಳುವ ಮತ್ತೊಂದು ಕಾರಣ ಯಾರೂ ಹೇಳಲಿಲ್ಲ. ನನ್ನ ಹತ್ತಿರ ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ ಇದೆ. ಅದರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಇಲ್ಲ. ಆರಿಸುವಾಗ ಸಮಯವನ್ನು ಒಂದು ಕಡತದಲ್ಲಿ ಬರೆದಿಟ್ಟು, ಮತ್ತೆ ಹೊತ್ತಿಸಿದಾಗ ಅಲ್ಲಿಂದಲೇ ಎಣಿಕೆ ಮುಂದುವರಿಸುತ್ತದೆ. ನಾಲ್ಕು ತಿಂಗಳು ಕಪಾಟಿನಲ್ಲಿಟ್ಟು ಹೊರತೆಗೆದೆ. ಹೊತ್ತಿಸಿದ ಕೂಡಲೇ ಪುಟ ತರುವ ಪ್ರೋಗ್ರಾಮ್ ಓಡಿತು, ‘ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ’ ಎಂದು ಬಿತ್ತು. ಅವಧಿ ಮುಗಿದಿದೆ ಎಂದಿದ್ದರೆ ಅರ್ಥವಾಗುತ್ತಿತ್ತು, ಇನ್ನೂ ಬಂದಿಲ್ಲ ಎಂದರೇನು? ಆ ತಾಣದ ಸರ್ಟಿಫಿಕೇಟ್ ಹಿಂದಿನ ವಾರ ಕೊಟ್ಟದ್ದು, ನನ್ನ ಪೈ ನಾಲ್ಕು ತಿಂಗಳ ಹಿಂದೆ ಬದುಕುತ್ತಿತ್ತು. ಎರಡು ನಿಮಿಷ ಬಿಟ್ಟು ಮತ್ತೆ ಓಡಿಸಿದಾಗ ತಾನೇ ಸರಿಯಾಯಿತು, ಅಷ್ಟರಲ್ಲಿ ಜಾಲದಿಂದ ಸಮಯ ಬಂದಿತ್ತು. ತಾನೇ ಸರಿಯಾಗುವ ದೋಷದಷ್ಟು ತಲೆ ತಿನ್ನುವುದು ಬೇರೊಂದಿಲ್ಲ. ಈಗ ಸಮಯ ಹೊಂದಿಕೆಯಾದ ಮೇಲಷ್ಟೇ ಪ್ರೋಗ್ರಾಮ್ ಏಳುವಂತೆ ಮಾಡಿದ್ದೇನೆ.

ಅರೆನಿದ್ರೆ:
2021ರ ಸೆಪ್ಟೆಂಬರ್ 30 ನೆನಪಿದೆಯೇ? ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಸರ್ಟಿಫಿಕೇಟಿನ ಅವಧಿ ಮುಗಿದ ದಿನ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಳಸುವ ತಾಣಗಳೆಲ್ಲ ಬ್ರೌಸರಿನಲ್ಲಿ ಸರಿಯಾಗಿದ್ದವು. ನನ್ನ ಹಳೆಯ ಯಂತ್ರದಲ್ಲಿದ್ದ ಓಪನ್‌ಎಸ್‌ಎಸ್‌ಎಲ್ 1.0.2 ಮಾತ್ರ ಸತ್ತ ಬೇರನ್ನೇ ಹಿಡಿದು ನೇತಾಡುತ್ತಿತ್ತು. ಪಕ್ಕದಲ್ಲೇ ಅವರ ಹೊಸ ಮೂಲವಾದ ಐಎಸ್‌ಆರ್‌ಜಿ ರೂಟ್ ಎಕ್ಸ್1 ಜೀವಂತ ಇದ್ದರೂ ಅತ್ತ ತಿರುಗಲಿಲ್ಲ. ಕೊನೆಗೆ ನಂಬಿಕೆಯ ಪಟ್ಟಿಯಿಂದ ಹಳೆಯದನ್ನು ಕಿತ್ತೆಸೆದಾಗ ಸರಿಯಾಯಿತು. ಒಂದು ಸರ್ಟಿಫಿಕೇಟ್ ತೆಗೆದರೆ ಪರಿಶೀಲನೆ ಗೆಲ್ಲುವುದನ್ನು ಅಂದೇ ನೋಡಿದ್ದು.

ಪ್ರಶ್ನಾರ್ಥಕ:
ಪಿಎಚ್‌ಪಿಯಲ್ಲಿ ಪುಟ ತರಲು ಕರ್ಲ್ ಬಳಸುತ್ತೇನೆ. ಸರ್ಟಿಫಿಕೇಟಿನ ಹೆಸರು ಹೊಂದುತ್ತದೆಯೇ ಎಂದು ನೋಡುವ ‘ವೆರಿಫೈಹೋಸ್ಟ್’ ಆಯ್ಕೆಗೆ ‘ಟ್ರೂ’ ಕೊಟ್ಟಿದ್ದೇನೆ. ನಾನು ಸುರಕ್ಷಿತವೇ?

ಹಳೇಸಾಕೆಟ್:
ಅದಕ್ಕೆ ಕೊಡಬೇಕಾದದ್ದು 2. ‘ಟ್ರೂ’ ಕೊಟ್ಟರೆ 1 ಆಗುತ್ತದೆ. ಹಳೆಯ ಲಿಬ್‌ಕರ್ಲ್‌ನಲ್ಲಿ 1 ಎಂದರೆ ಸರ್ಟಿಫಿಕೇಟಿನಲ್ಲಿ ಏನೋ ಒಂದು ಹೆಸರು ಇದ್ದರೆ ಸಾಕು ಎಂಬ ಅರ್ಥ, ಯಾರ ಹೆಸರಾದರೂ ಸರಿ! 7.28.1ರಿಂದ 1 ಕೊಟ್ಟರೆ ದೋಷ ಎಂದಿತು, 7.66.0ರಿಂದ 1 ಮತ್ತು 2 ಒಂದೇ ಎಂದಾಯಿತು. ಈಗಿನದಾದರೆ ತೊಂದರೆ ಇಲ್ಲ. ಏನೂ ಬರೆಯದೆ ಬಿಟ್ಟರೆ ಇನ್ನೂ ಒಳ್ಳೆಯದು, ಮೂಲ ಬೆಲೆಯೇ 2.

ಪುಟತಿರುವಿ:
ನನ್ನ ವಿಷಯಕ್ಕೆ ಬರೋಣವೇ? ತಾಣದವರಿಗೆ ಇಮೇಲ್ ಬರೆದಿದ್ದೇನೆ. ಅವರು ಸರಿಪಡಿಸುವವರೆಗೆ ಏನು ಮಾಡಲಿ?

ಮುಚ್ಚಿದಬೀಗ:
ನಡುವಿನ ಸರ್ಟಿಫಿಕೇಟನ್ನು ಅದನ್ನು ಕೊಟ್ಟ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಿ. ರಿಕ್ವೆಸ್ಟ್ಸ್ ಬಳಸುವುದು ಸರ್ಟಿಫೈ ಪ್ಯಾಕೇಜಿನ ಪಟ್ಟಿಯನ್ನು. ಆ ಪಟ್ಟಿ ಮೊಜಿಲ್ಲಾದವರ ಸಂಗ್ರಹದಿಂದ ಬಂದದ್ದು. ಅದರ ಪ್ರತಿ ಮಾಡಿಕೊಂಡು ಕೊನೆಯಲ್ಲಿ ನಡುವಿನದನ್ನು ಅಂಟಿಸಿ, ‘ವೆರಿಫೈ’ಗೆ ‘ಫಾಲ್ಸ್’ ಬದಲು ಆ ಕಡತದ ದಾರಿ ಕೊಡಿ. ಪ್ಯಾಕೇಜಿನೊಳಗಿನ ಮೂಲ ಕಡತವನ್ನೇ ತಿದ್ದಬೇಡಿ, ಮುಂದಿನ ಸಲ ಪ್ಯಾಕೇಜ್ ನವೀಕರಿಸಿದಾಗ ನಿಮ್ಮ ತಿದ್ದುಪಡಿ ಹೇಳದೆ ಕೇಳದೆ ಮಾಯವಾಗುತ್ತದೆ.

ಸೊನ್ನೆಯಿಂದಎಣಿಸುವವ:
ಆ ಪ್ರತಿ ಹಳತಾಗುತ್ತದೆ. ಸಂಸ್ಥೆಗಳು ನಡುವಿನ ಸರ್ಟಿಫಿಕೇಟನ್ನು ಬದಲಿಸುತ್ತಲೇ ಇರುತ್ತವೆ. ಬದಲಾದ ದಿನ ಪ್ರೋಗ್ರಾಮ್ ಮತ್ತೆ ನಿಲ್ಲುತ್ತದೆ.

ಮುಚ್ಚಿದಬೀಗ:
ನಿಲ್ಲಲಿ. ಸದ್ದು ಮಾಡಿ ನಿಲ್ಲುವುದು ಸದ್ದಿಲ್ಲದೆ ಮೋಸ ಹೋಗುವುದಕ್ಕಿಂತ ವಾಸಿ.

ಬೇಗಮುಗಿಸು:
ಪುಸ್ತಕದ ಪಟ್ಟಿಗೆ ಇಷ್ಟೆಲ್ಲ! ಆದರೂ ಒಪ್ಪುತ್ತೇನೆ, ಮೂರು ಸಾಲಿನ ಕೆಲಸ. ನನ್ನ ಒಂದು ಸಾಲಿಗಿಂತ ಎರಡು ಹೆಚ್ಚು, ಅಷ್ಟೇ.

ಪುಟತಿರುವಿ:
ಮಾಡಿದೆ. ಎಚ್ಚರಿಕೆ ಇಲ್ಲ, ದೋಷ ಇಲ್ಲ, ಪುಟ ಬಂತು! ಆದರೆ ಪುಸ್ತಕಗಳ ಹೆಸರೆಲ್ಲ ಗೊಂದಲ. ಕನ್ನಡ ಅಕ್ಷರ ಒಂದೂ ಇಲ್ಲ. ತಲೆಯ ಮೇಲೆ ಓರೆ ಗೀಟಿರುವ ರೋಮನ್ ‘ಎ’, ಅದರ ಪಕ್ಕ ಮೇಲಕ್ಕೆ ಏರಿ ಕುಳಿತ ಪುಟ್ಟ 2 ಅಥವಾ 3, ಪುನಃ ಅದೇ ‘ಎ’. ಗೂಢಲಿಪಿ ಬಿಚ್ಚಿಕೊಂಡಿಲ್ಲವೇ?

ಅರೆನಿದ್ರೆ:
ಗೂಢಲಿಪಿ ಬಿಚ್ಚದಿದ್ದರೆ ಪುಟವೇ ಬರುತ್ತಿರಲಿಲ್ಲ. ಇದು ಅಕ್ಷರ ಸಂಕೇತದ ತೊಂದರೆ, ಟಿಎಲ್‌ಎಸ್‌ಗೆ ಸಂಬಂಧವಿಲ್ಲ.

ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್. ‘ಕ’ ಎಂದರೆ 224, 178, 149. ಕನ್ನಡದಲ್ಲಿ ಮೊದಲ ಬೈಟ್ ಯಾವಾಗಲೂ 224, ಎರಡನೆಯದು 178 ಅಥವಾ 179. ಇದನ್ನು ರೋಮನ್ ಅಕ್ಷರಗಳ ಹಳೆಯ ಸಂಕೇತವಾದ ಲ್ಯಾಟಿನ್-1 ಎಂದು ತಪ್ಪಾಗಿ ಓದಿದರೆ 224 ಆ ಗೀಟಿನ ‘ಎ’ ಆಗುತ್ತದೆ, 178 ಮೇಲೇರಿದ 2, 179 ಮೇಲೇರಿದ 3. ವ್ಯಂಜನ ಇದ್ದ ಕಡೆ 2, ಕೊಂಬು, ಏತ್ವ, ಒತ್ತಕ್ಷರಕ್ಕೆ ಮುಂಚಿನ ವಿರಾಮ ಇದ್ದ ಕಡೆ 3. ಅಭ್ಯಾಸವಾದರೆ ಕಣ್ಣಿನಲ್ಲೇ ಹೇಳಬಹುದು.

ತಾಣದವರು ‘ಕಂಟೆಂಟ್ ಟೈಪ್’ ಸಾಲಿನಲ್ಲಿ ಅಕ್ಷರ ಸಂಕೇತ ಹೇಳಿಲ್ಲ. ಆಗ ರಿಕ್ವೆಸ್ಟ್ಸ್ ಲ್ಯಾಟಿನ್-1 ಎಂದು ಭಾವಿಸುತ್ತದೆ, ಪುಟದೊಳಗಿನ ಮೆಟಾ ಟ್ಯಾಗ್ ನೋಡುವುದಿಲ್ಲ. ‘ಟೆಕ್ಸ್ಟ್’ ಓದುವ ಮುಂಚೆ ‘ಎನ್‌ಕೋಡಿಂಗ್’ ಅನ್ನು ಯುಟಿಎಫ್-8 ಎಂದು ನಿಗದಿಪಡಿಸಿ. ಇಲ್ಲವೇ ‘ಕಂಟೆಂಟ್’ ಬೈಟುಗಳನ್ನೇ ಪುಟ ಬಿಡಿಸಿ ಓದುವ ಬ್ಯೂಟಿಫುಲ್ ಸೂಪ್‌ಗೆ ಕೊಡಿ, ಅದು ಮೆಟಾ ಟ್ಯಾಗ್ ಓದಿಕೊಳ್ಳುತ್ತದೆ.

ಹಳೇಸಾಕೆಟ್:
ಹೇಗೂ ಕೋಡ್ ತೆರೆದಿದ್ದೀರಿ, ‘ಟೈಮ್‌ಔಟ್’ ಕೂಡ ಸೇರಿಸಿ. ರಿಕ್ವೆಸ್ಟ್ಸ್‌ಗೆ ತಾನಾಗಿ ಕಾಲಮಿತಿ ಇಲ್ಲ. ಸರ್ವರ್ ಮಾತು ನಿಲ್ಲಿಸಿದರೆ ನಿಮ್ಮ ಪ್ರೋಗ್ರಾಮ್ ಕಾಯುತ್ತಲೇ ಇರುತ್ತದೆ, ದೋಷವನ್ನೂ ಹೇಳುವುದಿಲ್ಲ. ಪ್ರೋಗ್ರಾಮ್ ತನ್ನ ಪರಿಚಯ ಹೇಳುವ ‘ಯೂಸರ್ ಏಜೆಂಟ್’ ಸಾಲಿನಲ್ಲಿ ನಿಮ್ಮ ಇಮೇಲ್ ಹಾಕುವುದು ಒಳ್ಳೆಯ ನಡತೆ. ಬರಿಯ ಪೈಥಾನ್ ಹೆಸರು ಕಂಡರೆ 403 (ಪ್ರವೇಶವಿಲ್ಲ) ಕೊಟ್ಟು ಕಳುಹಿಸುವ ತಾಣಗಳೂ ಇವೆ.

ಪ್ರಶ್ನಾರ್ಥಕ:
ಕ್ರೋಮ್ ಎಂದು ಸುಳ್ಳು ಹೇಳಿದರೆ?

ಹಳೇಸಾಕೆಟ್:
ಹೇಳಬಹುದು. ಆದರೆ ತೊಂದರೆಯಾದ ದಿನ ಅವರಿಗೆ ನಿಮ್ಮನ್ನು ಕೇಳುವ ದಾರಿ ಇರುವುದಿಲ್ಲ, ನೇರವಾಗಿ ಐಪಿ ವಿಳಾಸವನ್ನೇ ತಡೆಯುತ್ತಾರೆ. ದಿನಕ್ಕೆ ಒಂದು ಸಲ ಬರುವ ನಿಮ್ಮಂಥವರಿಗೆ ಸುಳ್ಳಿನ ಅಗತ್ಯವೇ ಇಲ್ಲ.

ಪುಟತಿರುವಿ:
ಅಕ್ಷರ ಸರಿಯಾಯಿತು, ಕಾಲಮಿತಿ 10 ಸೆಕೆಂಡ್ ಇಟ್ಟೆ. ತಾಣದವರ ಉತ್ತರವೂ ಬಂತು: ‘ನಮ್ಮ ಬ್ರೌಸರಿನಲ್ಲಿ ತೆರೆಯುತ್ತಿದೆ.’

ಮುಚ್ಚಿದಬೀಗ:
ನಿರೀಕ್ಷಿಸಿದ್ದೆ. ಎಸ್ ಕ್ಲೈಂಟಿನ ಉತ್ತರವನ್ನು ಹಾಗೆಯೇ ಅಂಟಿಸಿ ಕಳುಹಿಸಿ. ಸರ್ಟಿಫಿಕೇಟ್ ಕಡತದ ಬದಲು ‘ಫುಲ್‌ಚೈನ್’ (ಪೂರ್ತಿ ಸರಪಳಿಯ) ಕಡತ ಹಾಕಿ ಎಂದು ಒಂದೇ ವಾಕ್ಯ ಬರೆಯಿರಿ. ಉದ್ದ ಬರೆದರೆ ಓದುವುದಿಲ್ಲ.

ಪುಟತಿರುವಿ:
ಮೂರು ದಿನದ ನಂತರ ಬರೆಯುತ್ತಿದ್ದೇನೆ. ಉತ್ತರ ಬರಲಿಲ್ಲ, ಆದರೆ ಇಂದು ಬೆಳಿಗ್ಗೆ ಎಸ್ ಕ್ಲೈಂಟ್ ಓಡಿಸಿದರೆ ಎರಡು ಸರ್ಟಿಫಿಕೇಟ್ ಬಂದವು, ಫಲಿತಾಂಶ 0. ‘ವೆರಿಫೈ’ ಇದ್ದ ಸಾಲನ್ನೇ ಅಳಿಸಿದ್ದೇನೆ. ಇಮೇಲಿನಲ್ಲಿ ಏಳು ಹೊಸ ಪುಸ್ತಕಗಳು, ಎಲ್ಲವೂ ಕನ್ನಡದಲ್ಲೇ. ಎಲ್ಲರಿಗೂ ಧನ್ಯವಾದ, ಬೇಗಮುಗಿಸು ಅವರಿಗೂ ಸೇರಿಸಿ.

ಬೇಗಮುಗಿಸು:
ನನ್ನ ಮಾತು ಕೇಳಿದ್ದರೆ ಏಳು ದಿನ ಮೊದಲೇ ಓದುತ್ತಿದ್ದಿರಿ.

ಹೊಸಬ42:
ನನಗೂ ಇದೇ ಸಮಸ್ಯೆ, ಆದರೆ ಪ್ರಾಕ್ಸಿ ಇರುವ ಕಚೇರಿಯಲ್ಲಿ, ವಿಂಡೋಸ್‌ನಲ್ಲಿ, ಡಾಟ್‌ನೆಟ್ 4.5ರಲ್ಲಿ. ಏನು ಮಾಡಲಿ?

ಹಳೇಸಾಕೆಟ್:
4.5 ತಾನಾಗಿ ಟಿಎಲ್‌ಎಸ್ 1.2 ಬಳಸುವುದಿಲ್ಲ, ನಿಮ್ಮದು ಇದೇ ಸಮಸ್ಯೆ ಅಲ್ಲದಿರಬಹುದು. ಬೇರೆ ಚರ್ಚೆ ತೆರೆಯಿರಿ, ದೋಷದ ಕೊನೆಯ ಸಾಲನ್ನು ಪೂರ್ತಿಯಾಗಿ ಹಾಕಿ.